ಬೋರ್ ಲಾರಿಯ ನಾಲ್ಕು ಕಾಲು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಯಾವುದಾದರೊಂದು ರಸ್ತೆಗೆ ಬೋರ್‌ವೆಲ್ ಲಾರಿ ಬಂತೆಂದರೆ ಅಕ್ಕಪಕ್ಕದ ಹತ್ತು ಮನೆಗೆ ಅಂದು ನೆಮ್ಮದಿಯಿಲ್ಲ. ಕಿಟಕಿ ಮುಚ್ಚಿದರೂ ಕಲ್ಲಿನ ದೂಳು ಒಳಗೆ ನುಗ್ಗುತ್ತದೆ. ಒಣಗಲು ಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕು. ಮಕ್ಕಳಿಗೆ ಮಾತ್ರ ಹಬ್ಬ. ‘ಎಷ್ಟು ಫೀಟ್ ಆತ್ರೀ?’ ‘ನೀರು ಬಿತ್ತೇನ್ರೀ?’ ಎಂದು ಕೇಳುತ್ತ ದೊಡ್ಡವರೂ ಗೇಟಿಗೆ ಬರುತ್ತಾರೆ. ಎಲ್ಲರ ಕಣ್ಣೂ ನೆಲಕ್ಕಿಳಿಯುವ ರಾಡಿನ ಮೇಲೆ.

ರಾಡು ಇಳಿಯುವ ಮುಂಚೆ ನಡೆಯುವ ಕೆಲಸವನ್ನು ನೋಡುವವರು ಕಡಿಮೆ. ಲಾರಿ ಬಂದು ನಿಂತ ಮೇಲೆ ಅದರ ಹೊಟ್ಟೆಯ ಕೆಳಗಿನಿಂದ ಕನ್ನಡಿಯಂತೆ ಹೊಳೆಯುವ ಉಕ್ಕಿನ ಕಾಲುಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಕೆಲವು ಲಾರಿಗೆ ಮೂರು, ಕೆಲವಕ್ಕೆ ನಾಲ್ಕು. ಕೆಲಸಗಾರನೊಬ್ಬ ಓಡಿ ಬಂದು ಪ್ರತಿ ಕಾಲಿನ ಕೆಳಗೂ ದಪ್ಪ ಮರದ ತುಂಡು ಇಡುತ್ತಾನೆ. ಆಪರೇಟರ್ ಸಾಲಾಗಿರುವ ಹಿಡಿಗಳಲ್ಲಿ ಒಂದನ್ನು ಒತ್ತಿ, ಇನ್ನೊಂದನ್ನು ಎಳೆಯುತ್ತಾನೆ. ಹತ್ತಾರು ಟನ್ ತೂಕದ ಲಾರಿ ಆನೆ ಮಂಡಿಯೆತ್ತಿದಂತೆ ಮೇಲೇಳುತ್ತದೆ. ಇದೇ ಹೈಡ್ರಾಲಿಕ್ ಜಾಕ್. ಅದರೊಳಗಿರುವುದು ಎಣ್ಣೆ, ಅಷ್ಟೆ.

ಆ ಎಣ್ಣೆಯನ್ನು ನಂಬಿಯೇ ಆಮೇಲಿನದೆಲ್ಲ ನಡೆಯಬೇಕು. ಲಾರಿ ಮಟ್ಟವಾಗಿ ನಿಂತರೆ ಅದರ ಮೇಲಿನ ಕಂಬ ನೆಟ್ಟಗೆ ನಿಲ್ಲುತ್ತದೆ. ಕಂಬ ನೆಟ್ಟಗಿದ್ದರೆ ರಾಡು ನೆಟ್ಟಗೆ ಇಳಿಯುತ್ತದೆ. ಒಂದೇ ಒಂದು ಡಿಗ್ರಿ ಓರೆಯಾಯಿತೆನ್ನಿ. ನೂರು ಅಡಿ ಆಳಕ್ಕೆ ಹೋಗುವಷ್ಟರಲ್ಲಿ ರಂಧ್ರ ಒಂದೂಮುಕ್ಕಾಲು ಅಡಿ ಪಕ್ಕಕ್ಕೆ ಸರಿದಿರುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿ ಬಲ್ಲ ಯಾರಾದರೂ ಇದನ್ನು ಲೆಕ್ಕ ಹಾಕಬಹುದು. ಇಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಓರೆಯಾಗಿ ಹೊರಟ ರಾಡು ತನ್ನ ಭಾರಕ್ಕೇ ಬಾಗುತ್ತದೆ, ಕಲ್ಲಿನ ಪದರ ಸಿಕ್ಕ ಕಡೆ ಜಾರುತ್ತದೆ. ರಂಧ್ರ ಬಿಲ್ಲಿನಂತಾಗುತ್ತದೆ. ಆರೂವರೆ ಇಂಚಿನ ಆ ರಂಧ್ರದಲ್ಲಿ ನಾಲ್ಕೈದು ಅಡಿ ಉದ್ದದ ಸಬ್‌ಮರ್ಸಿಬಲ್ ಮೋಟಾರು ಇಳಿಯಬೇಕಲ್ಲ? ಬಾಗಿದ ಜಾಗದಲ್ಲಿ ಸಿಕ್ಕಿಕೊಂಡರೆ ಕೆಳಗೂ ಹೋಗದು, ಮೇಲಕ್ಕೂ ಬಾರದು. ಮನೆ ಕಟ್ಟಲು ಕೂಡಿಟ್ಟ ಹಣದಲ್ಲಿ ಬೋರ್ ಹಾಕಿಸಿದವರಿಗೆ, ನೀರು ಬಿದ್ದೂ ಕೈಗೆ ಬಾರದಂತಾಗುವ ಸಂಕಟ ಅದು.

ಹತ್ತಿ ಒತ್ತಿದ ಶಕ್ತಿ

ಹೈಸ್ಕೂಲಿನ ವಿಜ್ಞಾನದಲ್ಲಿ ಪಾಸ್ಕಲ್ ನಿಯಮ ಬರುತ್ತದೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಅಷ್ಟೇ ಪ್ರಮಾಣದಲ್ಲಿ ಹರಡುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಈ ಬಗ್ಗೆ ಬರೆದ ಗ್ರಂಥ ಅಚ್ಚಾದದ್ದು 1663ರಲ್ಲಿ, ಆತ ತೀರಿಕೊಂಡ ಮರುವರ್ಷ. ಅದನ್ನು ದುಡಿಯುವ ಯಂತ್ರವಾಗಿಸಲು ಇನ್ನೂ 132 ವರ್ಷ ಬೇಕಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ.

ದಾವಣಗೆರೆಯ ಹಿರಿಯರಿಗೆ ಪ್ರೆಸ್ಸು ಹೊಸದಲ್ಲ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನಿಸಿಕೊಂಡಿದ್ದ ಊರಿದು. ಮೋಡದಂತೆ ಹರಡಿಕೊಳ್ಳುವ ಹತ್ತಿಯನ್ನು ಕಲ್ಲಿನಷ್ಟು ಗಟ್ಟಿಯಾದ ಅಂಡಿಗೆಯಾಗಿ ಒತ್ತುವುದು ಬ್ರಾಮಾನ ಯಂತ್ರದ ಸಂತತಿಯೇ. ಹತ್ತಿಯನ್ನು ಕೆಳಕ್ಕೆ ಒತ್ತುವ ಶಕ್ತಿ ಲಾರಿಯನ್ನು ಮೇಲಕ್ಕೆತ್ತುವ ಶಕ್ತಿಯೂ ಹೌದು.

ಲೆಕ್ಕವೂ ಸುಲಭ. ಜಾಕಿನ ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರ್ ಎಂದುಕೊಳ್ಳಿ. ಅದರೊಳಗಿನ ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಪಂಪು ಎಣ್ಣೆಯನ್ನು ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡದಲ್ಲಿ ತಳ್ಳಿದರೆ ಆ ಒಂದು ಕಾಲು ಎತ್ತುವ ಭಾರ 7,850 ಕಿಲೋ. 170 ಕಿಲೋ ತೂಗುವ 46 ಹತ್ತಿ ಅಂಡಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಆ ಕಾಲಿನ ಮೇಲಿಟ್ಟಂತೆ! ಕಾರಿನ ಟೈರಿನ ಒಳಗಿರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಮಾತ್ರ.

ಹಾಗೆಂದು ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಲಾರಿ ಚಾಲಕರ ಬಳಿಯಿರುವ ಕೈಜಾಕನ್ನು ನೋಡಿದರೆ ಇದು ತಿಳಿಯುತ್ತದೆ. ಸಣ್ಣ ಪಿಸ್ಟನ್ನಿಗಿಂತ ದೊಡ್ಡದರ ವ್ಯಾಸ ಮೂರು ಪಟ್ಟಿದ್ದರೆ ಬಲ ಒಂಬತ್ತು ಪಟ್ಟು. ಆದರೆ ಲಾರಿ ಒಂದು ಇಂಚು ಮೇಲೇಳಲು ಸಣ್ಣ ಪಿಸ್ಟನ್ ಒಟ್ಟು ಒಂಬತ್ತು ಇಂಚು ಓಡಾಡಬೇಕು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳಬೇಕು. ಚಾಲಕ ಬೆವರಿಳಿಸಿಕೊಂಡು ಹಿಡಿ ಒತ್ತುತ್ತಲೇ ಇರುವುದು ಅದಕ್ಕೇ.

ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜು, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು, ಜೊತೆಗೆ ಒಂದು ತುಂಡು ಸಣ್ಣ ಪ್ಲಾಸ್ಟಿಕ್ ಕೊಳವೆ ತಂದರಾಯಿತು. ನೀರು ತುಂಬಿ ಎರಡನ್ನೂ ಜೋಡಿಸಿ. ಸಣ್ಣದನ್ನು ತಂಗಿ ಒತ್ತಲಿ, ದೊಡ್ಡದನ್ನು ಅಣ್ಣ ಒತ್ತಲಿ. ತಂಗಿಯೇ ಗೆಲ್ಲುತ್ತಾಳೆ. ಆಮೇಲೆ ಕೊಳವೆಯಲ್ಲಿ ಬೇಕೆಂದೇ ಒಂದಿಷ್ಟು ಗಾಳಿ ಬಿಟ್ಟು ಮತ್ತೆ ಒತ್ತಿ ನೋಡಿ. ಸ್ಪಂಜು ಒತ್ತಿದಂತೆ ಮೆತ್ತಗಾಗುತ್ತದೆ. ಗಾಳಿ ಕುಗ್ಗುತ್ತದೆ, ನೀರು ಹೆಚ್ಚುಕಡಿಮೆ ಕುಗ್ಗುವುದಿಲ್ಲ. ನಿಜವಾದ ಜಾಕಿನ ಎಣ್ಣೆಯಲ್ಲಿ ಗಾಳಿ ಸೇರಿದಾಗಲೂ ಹೀಗೆಯೇ. ಕಾಲು ಒಮ್ಮೆಲೇ ಜಿಗಿಯುತ್ತದೆ, ನಡುಗುತ್ತದೆ, ಟ್ಯಾಂಕಿನಲ್ಲಿ ನೊರೆ ಏಳುತ್ತದೆ. ಭಾರವಿಲ್ಲದೆ ಕಾಲನ್ನು ನಾಲ್ಕಾರು ಸಲ ಪೂರ್ತಿ ಚಾಚಿ ಪೂರ್ತಿ ಮಡಿಸಿದರೆ ಗಾಳಿ ಟ್ಯಾಂಕಿನ ಕಡೆ ಹೊರಟುಹೋಗುತ್ತದೆ.

ಚರ್ಮದ ಬಟ್ಟಲು

ಬ್ರಾಮಾನ ಪ್ರೆಸ್ಸು ಮೊದಮೊದಲು ಕೆಲಸಕ್ಕೆ ಬರಲಿಲ್ಲ. ಒತ್ತಡ ಏರಿದಂತೆಲ್ಲ ಪಿಸ್ಟನ್ನಿನ ಸುತ್ತ ನೀರು ಚಿಮ್ಮುತ್ತಿತ್ತು. ಬಿಗಿಯಾಗಿ ಸುತ್ತು ಹಾಕಿದರೆ ಪಿಸ್ಟನ್ ಅಲುಗುತ್ತಿರಲಿಲ್ಲ, ಸಡಿಲ ಬಿಟ್ಟರೆ ಸೋರುತ್ತಿತ್ತು. ಇದಕ್ಕೆ ಪರಿಹಾರ ಕೊಟ್ಟವನೆಂದು ಹೆಸರಾದವನು ಅವನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲಿ. ಬಟ್ಟಲಿನಂತೆ ಬಗ್ಗಿಸಿದ ಚರ್ಮದ ಬಳೆಯೊಂದನ್ನು ಅವನು ಕೂರಿಸಿದ. ಒಳಗಿನ ಒತ್ತಡ ಹೆಚ್ಚಿದಷ್ಟೂ ಬಟ್ಟಲಿನ ಅಂಚು ಅರಳಿ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿತ್ತು. ಸೋರಿಸಲು ಹೊರಟ ಒತ್ತಡವೇ ಸೋರದಂತೆ ಕಾಯುವ ಉಪಾಯ! ಒತ್ತಡ ಇಳಿದರೆ ಬಟ್ಟಲು ಸಡಿಲ, ಪಿಸ್ಟನ್ ಸಲೀಸಾಗಿ ಹಿಂದಕ್ಕೆ.

ಸೈಕಲ್ ಪಂಪಿನ ಚರ್ಮದ ವಾಷರಿಗೆ ಎಣ್ಣೆ ಬಿಟ್ಟು ಮೆತ್ತಗೆ ಮಾಡಿದ ತಂದೆಯರಿಗೆ ಇದನ್ನು ವಿವರಿಸಬೇಕಿಲ್ಲ. ಹಳ್ಳಿಗಳ ಕೈಪಂಪಿನೊಳಗೂ ಇಂಥದೇ ಚರ್ಮದ ಬಟ್ಟಲು ಇರುತ್ತಿತ್ತು. ಈಗಿನ ಹೈಡ್ರಾಲಿಕ್ ಜಾಕಿನಲ್ಲಿ ಚರ್ಮದ ಬದಲು ಕೃತಕ ರಬ್ಬರು, ಪಾಲಿಯುರಿಥೇನ್ ಬಂದಿವೆ. ಹೆಸರು ‘ಸೀಲು’. ಬೆಲೆಯಲ್ಲಿ ಇಡೀ ಯಂತ್ರದ ಮುಂದೆ ಅದೊಂದು ಲೆಕ್ಕವೇ ಅಲ್ಲ. ಆದರೆ ಹತ್ತಾರು ಟನ್ ನಿಂತಿರುವುದು ಅದರ ಅಂಚಿನ ಮೇಲೆ.

ಬೋರ್ ಲಾರಿಯ ನಿರ್ವಹಣೆಯೆಂದರೆ ಬಹುಪಾಲು ಈ ಸೀಲನ್ನು ಕಾಯುವ ಕೆಲಸವೇ. ಅದರ ದೊಡ್ಡ ಶತ್ರು ದೂಳು. ಕಲ್ಲು ಕೊರೆದಾಗ ಏಳುವ ಪುಡಿ ಹೊಳೆಯುವ ಕಾಲಿನ ಮೇಲೆ ಕೂರುತ್ತದೆ. ಹಾಗೆಯೇ ಕಾಲು ಮಡಿಸಿದರೆ ಪುಡಿ ಒಳಗೆ ಹೋಗಿ ಸೀಲನ್ನು ಮರಳುಕಾಗದದಂತೆ ಉಜ್ಜುತ್ತದೆ. ಬಾಯಿಯಲ್ಲಿ ದೂಳು ಒರೆಸುವ ಬಳೆಯೊಂದಿರುವುದು ನಿಜ, ಆದರೆ ಎಲ್ಲವನ್ನೂ ಅದೇ ತಡೆಯಲಾರದು. ಆದ್ದರಿಂದ ಮಡಿಸುವ ಮುನ್ನ ಒಣ ಬಟ್ಟೆಯಿಂದ ಕಾಲು ಒರೆಸುವುದು ಒಳ್ಳೆಯ ಆಪರೇಟರನ ಗುರುತು. ಹೊಳಪು ಉಳಿಯಲೆಂದು ಗ್ರೀಸು ಬಳಿಯುವವರಿದ್ದಾರೆ. ಅದು ದೂಳಿಗೆ ಹಾಸಿಗೆ ಹಾಸಿದಂತೆ. ಆ ಹೊಳಪು ಕ್ರೋಮಿಯಂ ಲೇಪನದ್ದು. ಸುತ್ತಿಗೆ ತಾಗಿ ಒಂದು ಗೀರು ಬಿದ್ದರೂ ಪ್ರತಿ ಸಲ ಒಳಹೋಗುವಾಗ ಅದು ಸೀಲನ್ನು ಕೊಯ್ಯುತ್ತದೆ.

ಎರಡನೆಯದು ಎಣ್ಣೆ. ಎಣ್ಣೆಯ ಮಟ್ಟವನ್ನು ನೋಡಬೇಕಾದ್ದು ಕಾಲುಗಳನ್ನೆಲ್ಲ ಮಡಿಸಿದ ಮೇಲೆಯೇ. ಏಕೆಂದರೆ ಕಾಲು ಚಾಚಿದಾಗ ಎಣ್ಣೆ ಸಿಲಿಂಡರಿನಲ್ಲಿರುತ್ತದೆ, ಟ್ಯಾಂಕು ಖಾಲಿಯಾದಂತೆ ಕಾಣುತ್ತದೆ. ಗಾಬರಿಯಾಗಿ ಮೇಲೆ ಸುರಿದರೆ ಕಾಲು ಮಡಿಸಿದಾಗ ಉಕ್ಕಿ ಹೊರಗೆ ಬರುತ್ತದೆ. ಯಂತ್ರ ತಯಾರಿಸಿದವರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಬೆರೆಸಿದರೆ ಸೀಲು ಉಬ್ಬಿ ಕೆಡುತ್ತದೆ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಪೂರ್ತಿ ಬದಲಿಸಬೇಕು. ಸುಟ್ಟ ವಾಸನೆ ಬಂದರೂ ಅಷ್ಟೆ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದೆ ಹೊಸ ಎಣ್ಣೆ ಹಾಕುವುದು ಕೊಳೆ ಕೊಡಕ್ಕೆ ಹೊಸ ನೀರು ತುಂಬಿದಂತೆಯೇ.

ಚಾಚಿ ನಿಂತ ಕಾಲು ರಾತ್ರಿಯೆಲ್ಲ ಹಾಗೇ ಇರುವುದು ಹೇಗೆ? ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದಲ್ಲ? ಪ್ರತಿ ಸಿಲಿಂಡರಿಗೂ ಒಂದು ಬೀಗದ ಕವಾಟವಿರುತ್ತದೆ. ಆಪರೇಟರ್ ಹಿಡಿ ಎಳೆದು ಎದುರು ಕಡೆಯಿಂದ ಎಣ್ಣೆ ಕಳಿಸುವವರೆಗೆ ಅದು ಬಾಯಿ ಬಿಡುವುದಿಲ್ಲ. ಮಧ್ಯೆ ರಬ್ಬರ್ ಹೋಸು ಹರಿದರೂ ಲಾರಿ ಕುಸಿಯುವುದಿಲ್ಲ. ಆದರೆ ಕವಾಟಕ್ಕೆ ಕಸ ಸಿಕ್ಕರೆ ಅಥವಾ ಪಿಸ್ಟನ್ನಿನ ಸೀಲು ಸವೆದರೆ ಕಾಲು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕುಗ್ಗುತ್ತದೆ. ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಸಂಜೆ ಕಾಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬೆಳಿಗ್ಗೆ ನೋಡಿದರಾಯಿತು. ಇಲ್ಲೊಂದು ಸೂಕ್ಷ್ಮವೂ ಇದೆ. ಎಣ್ಣೆ ತಣ್ಣಗಾದರೆ ಕುಗ್ಗುತ್ತದೆ. ಚಳಿಗಾಲದ ರಾತ್ರಿ ಉಷ್ಣತೆ 15 ಡಿಗ್ರಿ ಇಳಿದರೆ 40 ಸೆಂಟಿಮೀಟರ್ ಎತ್ತರದ ಎಣ್ಣೆಯ ಕಂಬ ಸುಮಾರು 4 ಮಿಲಿಮೀಟರ್ ತಗ್ಗುತ್ತದೆ. ಅಷ್ಟಕ್ಕೇ ಸೀಲು ಹೋಯಿತೆಂದು ಬಿಚ್ಚಲು ಕೂರಬಾರದು. ಗೆರೆ ಎರಡು ಬೆರಳು ಇಳಿದಿದ್ದರೆ ಮಾತ್ರ ಬೇರೆ ಮಾತು.

ನೆಲ ನೋಡು, ಮುಗಿಲು ನೋಡು

ಕಾಲು ಎಷ್ಟೇ ಗಟ್ಟಿಯಿರಲಿ, ನೆಲ ಗಟ್ಟಿಯಿರಬೇಕಲ್ಲ. ಮೇಲಿನ ಲೆಕ್ಕದ 7,850 ಕಿಲೋ ಭಾರ 30 ಸೆಂಟಿಮೀಟರ್ ಉದ್ದಗಲದ ಪಾದದ ಮೂಲಕ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8.7 ಕಿಲೋ. ಮಳೆ ಬಿದ್ದ ಎರೆಮಣ್ಣು ಇದನ್ನು ಹೊರಲಾರದು. ಪಾದದ ಕೆಳಗೆ 60 ಸೆಂಟಿಮೀಟರ್ ಉದ್ದಗಲದ ಮರದ ಹಲಗೆ ಹಾಸಿದರೆ ಅದೇ ಭಾರ ನಾಲ್ಕು ಪಟ್ಟು ಹರಡಿ 2.2 ಕಿಲೋಗೆ ಇಳಿಯುತ್ತದೆ. ಕೆಲಸಗಾರ ಮೊದಲು ಮರದ ತುಂಡು ಹಿಡಿದು ಓಡುವುದು ಇದಕ್ಕಾಗಿ.

ಬಡಾವಣೆಗಳಲ್ಲಿ ಇನ್ನೊಂದು ತೊಡಕು. ಮೇಲೆ ಗಟ್ಟಿಯಾಗಿ ಕಾಣುವ ನೆಲದ ಕೆಳಗೆ ಒಳಚರಂಡಿಯ ಕೊಳವೆ, ಮುಚ್ಚಿದ ಗುಂಡಿ, ಹಳೆಯ ಸಂಪು, ಚೇಂಬರಿನ ಚಪ್ಪಡಿ ಇರಬಹುದು. ಅದರ ಮೇಲೆ ಪಾದ ಊರಿದರೆ ಚಪ್ಪಡಿ ಮುರಿದು ಲಾರಿ ವಾಲುತ್ತದೆ, ಅದೂ ಕಂಬ ಎತ್ತಿ ನಿಂತಿರುವಾಗ. ಸೈಟಿನ ಯಜಮಾನರಿಗೆ ಗೊತ್ತಿರುವ ಈ ಸಂಗತಿ ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಲಾರಿಯವನಿಗೆ ಹೇಗೆ ಗೊತ್ತಾಗಬೇಕು? (ದೇಶದ ಬೋರ್ ಲಾರಿಗಳ ತವರು ಆ ಊರು, ನಂಬರ್ ಪ್ಲೇಟ್ ನೋಡಿದರೆ ತಿಳಿಯುತ್ತದೆ.) ಸುಮ್ಮನೆ ನೋಡುತ್ತ ನಿಲ್ಲುವ ಬದಲು ಎಲ್ಲೆಲ್ಲಿ ಏನಿದೆಯೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸುವುದು ಮನೆಯವರ ಕೆಲಸ. ಹಾಗೆಯೇ ತಲೆಯೆತ್ತಿ ಬೆಸ್ಕಾಂ ತಂತಿಯನ್ನೂ ನೋಡಬೇಕು. ಮೇಲೇಳುವ ಕಂಬ ತಂತಿಗೆ ತಾಗಿದರೆ ಇಡೀ ಲಾರಿಯೇ ವಿದ್ಯುತ್ ತಂತಿಯಾಗುತ್ತದೆ.

ಕಾಲೂರುವ ಕ್ರಮ ಅವಸರದ್ದಲ್ಲ. ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಗಳಿಗೆ ತಡೆಗಟ್ಟೆ ಕೊಟ್ಟ ಮೇಲೆ ಎಲ್ಲ ಕಾಲುಗಳನ್ನೂ ನೆಲಕ್ಕೆ ತಾಗುವಷ್ಟೇ ಇಳಿಸಬೇಕು. ಆಮೇಲೆ ತಗ್ಗಿರುವ ಬದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒಂದೇ ಕಾಲನ್ನು ಪೂರ್ತಿ ಎತ್ತಿಬಿಟ್ಟರೆ ಲಾರಿಯ ಚಾಸಿಸ್ಸು ಹಿಂಡಿದ ಬಟ್ಟೆಯಂತೆ ತಿರುಚುತ್ತದೆ. ರಸಮಟ್ಟದ ಗುಳ್ಳೆ ಉದ್ದಕ್ಕೂ ಅಡ್ಡಕ್ಕೂ ನಡುವೆ ನಿಲ್ಲಬೇಕು. ಕಂಬ ಎತ್ತಿದ ಮೇಲೆ ಭಾರದ ಕೇಂದ್ರ ಸರಿಯುವುದರಿಂದ ಮತ್ತೊಮ್ಮೆ, ನಾಲ್ಕಾರು ರಾಡು ಇಳಿದ ಮೇಲೆ ಇನ್ನೊಮ್ಮೆ ನೋಡಬೇಕು. ಸುತ್ತಿಗೆಯ ಅದುರಿಗೆ ಪಾದ ನೆಲದಲ್ಲಿ ಹೂತುಕೊಳ್ಳುವುದುಂಟು. ಈ ಎರಡನೆಯ, ಮೂರನೆಯ ನೋಟವನ್ನೇ ಬಿಟ್ಟುಬಿಡುವವರು ಹೆಚ್ಚು.

ಮಟ್ಟದ ಮಹಿಮೆ ತುಂಗಭದ್ರೆಯ ದಡದ ಹರಿಹರಕ್ಕೆ ಚೆನ್ನಾಗಿ ಗೊತ್ತಿತ್ತು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಲೇತನ್ನು ನೆಲಕ್ಕೆ ಕೂರಿಸುವಾಗ ಒಂದು ಮೀಟರಿಗೆ 0.02 ಮಿಲಿಮೀಟರ್ ಓರೆಯಾದರೂ ತೋರಿಸುವ ರಸಮಟ್ಟವನ್ನು ಬಳಸುತ್ತಾರೆ. ಲೇತಿನ ಹಾಸು ಕೂದಲೆಳೆಯಷ್ಟು ತಿರುಚಿ ಕೂತರೆ ಅದರಲ್ಲಿ ಕಡೆದ ಸಲಾಕೆ ಒಂದು ತುದಿಗೆ ದಪ್ಪ, ಇನ್ನೊಂದಕ್ಕೆ ಸಣ್ಣ. ತಿರುಪು ಕೊರೆಯುವ ಲೇತನ್ನು ನಿಖರ ಯಂತ್ರವಾಗಿ ರೂಪಿಸಿದವರಲ್ಲಿ ಚರ್ಮದ ಬಟ್ಟಲಿನ ಅದೇ ಮಾಡ್ಸ್‌ಲಿ ಮುಖ್ಯನಾದವನು. ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು.

ಚಕ್ರದ ಮೇಲಿನ ಮನೆ

ಇಂಥವೇ ಕಾಲುಗಳು ಹೊರದೇಶಗಳಲ್ಲಿ ಮೋಟಾರ್ ಹೋಂ ಎಂಬ ಮನೆ-ಬಸ್ಸುಗಳಿಗೂ ಇರುತ್ತವೆ. ಸಿನಿಮಾ ಚಿತ್ರೀಕರಣದಲ್ಲಿ ನಟನಟಿಯರಿಗಾಗಿ ನಿಲ್ಲುವ ಕ್ಯಾರವಾನನ್ನು ಕಂಡವರು ಅದನ್ನು ಊಹಿಸಿಕೊಳ್ಳಬಹುದು. ನಮ್ಮ ಪ್ರವಾಸೋದ್ಯಮ ಇಲಾಖೆಯೂ ಈಚಿನ ವರ್ಷಗಳಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಉತ್ತೇಜನದ ಮಾತಾಡುತ್ತಿದೆ. ಬಸ್ಸು ಓರೆಯಾಗಿ ನಿಂತರೇನು, ಮಲಗಲು ಸ್ವಲ್ಪ ಕಷ್ಟ, ಅಷ್ಟೇ ತಾನೆ ಎನ್ನಬೇಡಿ. ಓರೆ ಹಂಚಿನ ಮೇಲೆ ಬೆಣ್ಣೆದೋಸೆ ಹುಯ್ದರೆ ಹಿಟ್ಟು, ಬೆಣ್ಣೆ ಎರಡೂ ಒಂದೇ ಕಡೆ ಹರಿಯುತ್ತವೆ. ಇನ್ನೂ ದೊಡ್ಡ ಕಾರಣ ಒಳಗಿನ ಫ್ರಿಜ್ಜು.

ಹಳೆಯ ಮಾದರಿಯ ಮನೆ-ಬಸ್ಸುಗಳ ಫ್ರಿಜ್ಜಿನಲ್ಲಿ ಮೋಟಾರೇ ಇರುವುದಿಲ್ಲ. ಗ್ಯಾಸಿನ ಸಣ್ಣ ಉರಿ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಇಳಿಜಾರಿನಲ್ಲಿ ತಾನೇ ಹರಿದು ಬಂದು ಮತ್ತೆ ಆವಿಯಾಗುವಾಗ ತಂಪು ಕೊಡುತ್ತದೆ. 1922ರಲ್ಲಿ ಇದನ್ನು ರೂಪಿಸಿದವರು ಬಾಲ್ಟ್ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್, ಸ್ವೀಡನ್ನಿನ ಸ್ಟಾಕ್‌ಹೋಂನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಆಗಿನ್ನೂ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು! ದ್ರವ ಹರಿಯಲು ಗುರುತ್ವವೊಂದೇ ಆಧಾರವಾದ್ದರಿಂದ ಬಸ್ಸು ಹೆಚ್ಚು ಓರೆಯಾದರೆ ಅದು ಅಲ್ಲಲ್ಲೇ ನಿಲ್ಲುತ್ತದೆ, ಕಾಯಿಸುವ ಕೊಳವೆ ಬರಿದಾಗಿ ಸುಡುತ್ತದೆ.

ಮನೆ-ಬಸ್ಸಿಗೆ ಒಂದು ಎಚ್ಚರಿಕೆ ಹೆಚ್ಚು. ಅದರ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದರೆ ಬ್ರೇಕ್ ಇದ್ದೂ ಇಲ್ಲದಂತೆ. ಬಸ್ಸು ಕಾಲುಗಳಿಂದ ಜಾರಿ ಉರುಳಬಹುದು. ಇಳಿಜಾರು ಹೆಚ್ಚಿದ್ದರೆ ಜಾಗ ಬದಲಿಸುವುದೇ ಸರಿ. ಬೆಳಿಗ್ಗೆ ಹೊರಡುವಾಗ ಕಾಲು ಮಡಿಸಲು ಮರೆತವರ ಗತಿ ಹೇಳಬೇಕಿಲ್ಲ. ಅದಕ್ಕೆಂದೇ ಎಚ್ಚರಿಕೆಯ ಗಂಟೆ ಇರುತ್ತದೆ. ಆದರೂ ಇಳಿದು ಒಂದು ಸುತ್ತು ಬಂದು ನೋಡುವುದು ಪದ್ಧತಿ.

ಬೋರ್ ಹಾಕುವ ಕಡೆ ಪೋಷಕರು ಮಕ್ಕಳಿಗೆ ಹೇಳಿಕೊಡಬೇಕಾದ್ದು ಎರಡಿದೆ. ಜಾಕಿನ ಮೇಲೆ ನಿಂತ ಯಾವ ವಾಹನದ ಕೆಳಗೂ ನುಸುಳಕೂಡದು. ಚೆಂಡು ಉರುಳಿ ಹೋಯಿತೆಂದರೂ ಸರಿಯೆ. ಮೆಕ್ಯಾನಿಕ್ ಸಹ ಮರದ ದಿಮ್ಮಿಯ ಆಸರೆ ಕೊಟ್ಟ ಮೇಲೆಯೇ ಕೆಳಗೆ ಹೋಗಬೇಕು. ಕೊರೆಯುವ ಜಾಗದ ಸುತ್ತ ಬೇಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2010ರ ಮಾರ್ಗಸೂಚಿಯಲ್ಲೇ ಹೇಳಿದೆ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ. ಒತ್ತಡದಲ್ಲಿರುವ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಎಣ್ಣೆ ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆಯೆಂದು ಬೆರಳಾಡಿಸಿದರೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾಂಸ ಸಾಯತೊಡಗುತ್ತದೆ. ತಡವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗಬಹುದು. ಅರಿಸಿನ ಹಚ್ಚಿ ಮನೆಯಲ್ಲಿ ಕೂರುವ ಗಾಯವಲ್ಲ ಇದು. ಕೂಡಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಿ ‘ಒತ್ತಡದ ಎಣ್ಣೆ ಒಳಗೆ ಹೋಗಿದೆ’ ಎಂದೇ ಹೇಳಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು. ಹೋಸಿನುದ್ದಕ್ಕೂ ದೂರದಿಂದ ಹಿಡಿದರೆ ಎಣ್ಣೆ ಬಿದ್ದಲ್ಲಿ ಒದ್ದೆಯಾಗುತ್ತದೆ. ಹೋಸು ಬಿಚ್ಚುವ ಮುನ್ನ ಭಾರ ಇಳಿಸಿ, ಎಂಜಿನ್ ನಿಲ್ಲಿಸಿ, ಹಿಡಿಗಳನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಬಿಡಬೇಕು.

ಟ್ರ್ಯಾಕ್ಟರಿನ ಟ್ರೇಲರ್, ಜೆ.ಸಿ.ಬಿ., ಕ್ರೇನು, ಕಸದ ಲಾರಿ, ಎಲ್ಲದರಲ್ಲೂ ಇದೇ ಎಣ್ಣೆ, ಇದೇ ಸೀಲು. 1951ರ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇರುವ ಊರಿನಲ್ಲಿ ಪದವಿಯ ಕನಸು ಸಹಜವೇ. ಆದರೆ ಮಗ ಅಥವಾ ಮಗಳು ಐ.ಟಿ.ಐ., ಡಿಪ್ಲೊಮಾ ಎಂದಾಗ ಮುಖ ಸಣ್ಣದು ಮಾಡಿಕೊಳ್ಳುವ ತಂದೆತಾಯಿ ಒಮ್ಮೆ ಹೈಡ್ರಾಲಿಕ್ ರಿಪೇರಿ ಅಂಗಡಿಯ ಮುಂದೆ ಸರದಿ ಕಾಯುವ ಯಂತ್ರಗಳನ್ನು ನೋಡಿ ಬರಲಿ. ಸಿಲಿಂಡರ್ ಬಿಚ್ಚಿ ಯಾವ ಸೀಲು ಯಾಕೆ ಹೋಯಿತೆಂದು ಹೇಳಬಲ್ಲವರಿಗೆ ಅಲ್ಲಿ ಕೆಲಸ ತಪ್ಪಿದ್ದಿಲ್ಲ.

ಬೋರ್ ಮುಗಿದಾಗ ಸಾಮಾನ್ಯವಾಗಿ ನಡುರಾತ್ರಿ ದಾಟಿರುತ್ತದೆ. ನೀರು ಬಿದ್ದಿದ್ದರೆ ಮನೆಯವರು ತೆಂಗಿನಕಾಯಿ ಒಡೆಯುತ್ತಾರೆ. ಆಪರೇಟರ್ ಮೊದಲು ಕಂಬ ಮಲಗಿಸುತ್ತಾನೆ. ರಂಧ್ರದ ಬಾಯಿಗೆ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಕಾಲುಗಳು ಒಂದೊಂದಾಗಿ ಮಡಿಸಿಕೊಂಡು ಲಾರಿ ತನ್ನ ಟೈರುಗಳ ಮೇಲೆ ಕೂರುತ್ತದೆ. ಕೆಲಸಗಾರ ಮರದ ತುಂಡುಗಳನ್ನು ಎತ್ತಿ ಒಳಗೆ ಹಾಕುತ್ತಾನೆ. ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳಿಗೆ ಅಲ್ಲಿ ಬೂದಿಬಣ್ಣದ ಕೆಸರು, ಅದರ ನಡುವೆ ಚೌಕಾಕಾರದ ನಾಲ್ಕು ಗುರುತು ಕಾಣುತ್ತವೆ.